ಅರ್ಜಿದಾರರೂ ನಾವೇ, ಸರ್ಕಾರವೂ ನಾವೇ

ಸರ್ಕಾರಿ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರ ಕಥೆ ಎಲ್ಲರಿಗೂ ಗೊತ್ತು. ಹಾಗೆ ಸವೆದ ಚಪ್ಪಲಿಗಳಲ್ಲಿ ಅರ್ಧಕ್ಕರ್ಧ ಸರ್ಕಾರಿ ನೌಕರರದೇ ಎಂದು ನನಗೆ ತಿಳಿದದ್ದು ನೌಕರರ ಸಂಘದ ಕಾರ್ಯದರ್ಶಿಯಾದ ಮೇಲೆ.

ಸಂಘವೇನೂ ಸಣ್ಣದಲ್ಲ. 1920ರಲ್ಲಿ ಹುಟ್ಟಿದ್ದು, ರಾಜ್ಯ ಕಚೇರಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿದೆ. ಜಿಲ್ಲೆಯಲ್ಲಿ ಐದು ವರ್ಷಕ್ಕೊಮ್ಮೆ ಇಲಾಖಾವಾರು ಚುನಾವಣೆ ನಡೆದು, ಗೆದ್ದ ನಿರ್ದೇಶಕರು ಸೇರಿ ಅಧ್ಯಕ್ಷರು, ಖಜಾಂಚಿ, ರಾಜ್ಯ ಪರಿಷತ್ ಸದಸ್ಯರನ್ನು ಆರಿಸುತ್ತಾರೆ. ಅವರೆಲ್ಲ ಹಾರ ಹಾಕಿಸಿಕೊಳ್ಳುತ್ತಿದ್ದಾಗ ಹಾರಗಳ ಲೆಕ್ಕ ಬರೆಯುತ್ತಾ ಮೂಲೆಯಲ್ಲಿ ಕೂತಿದ್ದವನು ನಾನು. ಅಧ್ಯಕ್ಷರ ಕಣ್ಣಿಗೆ ಬಿದ್ದೆ. 'ನೀವೇ ಕಾರ್ಯದರ್ಶಿ ಆಗಿ ಸಾರ್, ಬರೆಯೋ ಕೆಲಸ ಜಾಸ್ತಿ ಏನಿರಲ್ಲ' ಅಂದರು. ಬರೆಯುವ ಕೆಲಸ ನಿಜಕ್ಕೂ ಕಡಿಮೆ. ಮಾತಾಡುವ ಕೆಲಸಕ್ಕೆ ಮಾತ್ರ ಭಾನುವಾರವೂ ಇಲ್ಲ. 'ಡಿಎ ಯಾವಾಗ ಸಾರ್?' ಎಂಬ ಪ್ರಶ್ನೆ ಬೆಳಗಿನ ಕಾಫಿಗೂ ಮೊದಲೇ ಬರುತ್ತದೆ. ಆರ್ಥಿಕ ಇಲಾಖೆ ನಮ್ಮ ಅಡುಗೆಮನೆಯಲ್ಲೇ ಇದೆಯೆಂದು ಎಷ್ಟೋ ಸದಸ್ಯರ ನಂಬಿಕೆ.

ನಮ್ಮ ತುಮಕೂರು ಜಿಲ್ಲೆಗೆ ಹತ್ತು ತಾಲ್ಲೂಕು, ಹತ್ತಕ್ಕೂ ಹತ್ತು ಸ್ವಭಾವ. ಗುಬ್ಬಿಯವರದು ನಾಟಕದ ಊರು. ಗುಬ್ಬಿ ಕಂಪನಿ 1884ರಲ್ಲಿ ಅಲ್ಲೇ ಹುಟ್ಟಿತು. ಮನವಿ ಪತ್ರ ಓದಲು ಎದ್ದರೂ ಅವರು ಮೊದಲು ಗಂಟಲು ಸರಿಮಾಡಿಕೊಂಡು, ಸಭೆಯ ಕೊನೆಯ ಸಾಲಿನವರೆಗೆ ಕಣ್ಣಾಡಿಸಿ, ಆಮೇಲೆ 'ಮಾನ್ಯರೇ' ಅನ್ನುತ್ತಾರೆ. ಮನೆ ಬಾಡಿಗೆ ಭತ್ಯೆ ಹೆಚ್ಚಿಸಿ ಎಂಬ ಒಂದು ವಾಕ್ಯಕ್ಕೆ ಮೂರು ಅಂಕ. ಕುಣಿಗಲ್‌ನವರು ಇದಕ್ಕೆ ತದ್ವಿರುದ್ಧ. ಬೆಂಗಳೂರಿನಿಂದ ದಿನಾ ಓಡಾಡುವವರು ಅಲ್ಲಿ ಜಾಸ್ತಿ, ಸಭೆಗೆ ಬಂದವರ ಕಿವಿ ನಮ್ಮ ಕಡೆ, ಮನಸ್ಸು ಬಸ್ಸಿನ ಕಡೆ. ಗುಬ್ಬಿಯವರ ಎರಡನೆಯ ಅಂಕ ಶುರುವಾಗುವಷ್ಟರಲ್ಲಿ 'ಸರ್ವಾನುಮತ ಸಾರ್' ಅಂದುಬಿಟ್ಟು ಎದ್ದು ನಿಲ್ಲುತ್ತಾರೆ. ಯಾವುದಕ್ಕೆ ಸರ್ವಾನುಮತ ಎಂದು ನಡಾವಳಿ ಪುಸ್ತಕದಲ್ಲಿ ನಾನು ತುಂಬಿಸಿಕೊಳ್ಳಬೇಕು.

ಹೊರಗಿನವರಿಗೆ ಸಂಘ ಅಂದರೆ ಮುಷ್ಕರ. ಹಾಗೆ ನೋಡಿದರೆ 2023ರ ಮಾರ್ಚ್ 1ರಂದು ಅನಿರ್ದಿಷ್ಟಾವಧಿ ಮುಷ್ಕರವನ್ನೇ ಹೂಡಿದ್ದೆವು. ಕೇಳಿದ್ದು ಸಂಬಳದಲ್ಲಿ ಶೇಕಡ 40ರ ಹೆಚ್ಚಳ ಮತ್ತು ಹಳೆ ಪಿಂಚಣಿ. ಸರ್ಕಾರ ಶೇಕಡ 17ರ ಮಧ್ಯಂತರ ಪರಿಹಾರದ ಆದೇಶ ಹೊರಡಿಸಿತು, ಪಿಂಚಣಿಗೆ ಒಂದು ಸಮಿತಿ ಕೊಟ್ಟಿತು, ಅದೇ ದಿನ ಮುಷ್ಕರ ಮುಗಿಯಿತು. ಎಲ್ಲರಿಗಿಂತ ಹೆಚ್ಚು ಬೇಜಾರಾದದ್ದು ಶಾಮಿಯಾನದವನಿಗೆ. 'ಅನಿರ್ದಿಷ್ಟಾವಧಿ ಅಂದಿದ್ರಲ್ಲ ಸಾರ್, ನಾನು ಮದುವೆ ಆರ್ಡರ್ ಬಿಟ್ಟೆ' ಅಂದ. ಆ ದಿನ ನಮಗೆ ಬಂದ ಏಕೈಕ ಲಿಖಿತವಲ್ಲದ ಬೇಡಿಕೆ ಅವನದು, ಈಡೇರಿಸಲಾಗಲಿಲ್ಲ.

ನಿಜವಾದ ಮುಷ್ಕರ ಮೇ 31ರಂದು, ನನ್ನ ಕಾಲುಗಳು ಹೂಡುವುದು. ನಮ್ಮ ಹಳ್ಳಿಗಳಲ್ಲಿ ಒಂದು ತಲೆಮಾರು ಪೂರ್ತಿ ಜೂನ್ 1ರಂದೇ ಹುಟ್ಟಿದೆ. ಹೆತ್ತವರಿಗೆ ನೆನಪಿದ್ದದ್ದು ಮಳೆ, ಬರ, ಜಾತ್ರೆ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಅದಕ್ಕೆಲ್ಲ ಒಂದೇ ತಾರೀಕು ಬರೆದು ಕೈತೊಳೆದುಕೊಂಡರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕೆಂಬುದು ನಿಯಮ. ಹಾಗಾಗಿ ಮೇ 31ಕ್ಕೆ ತುಮಕೂರಿನಲ್ಲಿ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಯಾವುದಕ್ಕೂ ಬರ. ಬೆಳಿಗ್ಗೆ ಪಶ್ಚಿಮಕ್ಕೆ ಗುಬ್ಬಿ, ಮಧ್ಯಾಹ್ನ ದಕ್ಷಿಣಕ್ಕೆ ಕುಣಿಗಲ್, ಸಂಜೆ ಮತ್ತೆ ತುಮಕೂರು. ಎಲ್ಲ ಕಡೆಯೂ ನಿವೃತ್ತರಾದವರು ಅಜಾತಶತ್ರು, ಒಂದು ಕಡತವನ್ನೂ ಒಂದು ರಾತ್ರಿ ಮೇಜಿನ ಮೇಲೆ ಮಲಗಿಸಿದವರಲ್ಲ. ಸಭಿಕರಲ್ಲಿ ಯಾರಾದರೊಬ್ಬರು ಕೆಮ್ಮುತ್ತಾರೆ.

2024ರ ಮೇ 31ರ ತಂಡದವರ ಸಂಕಟ ಬೇರೆ. ಏಳನೇ ವೇತನ ಆಯೋಗದ ಹೊಸ ಸಂಬಳ ಲೆಕ್ಕಕ್ಕೆ ಬಂದದ್ದು 2022ರ ಜುಲೈಯಿಂದ, ಕೈಗೆ ಬಂದದ್ದು 2024ರ ಆಗಸ್ಟ್ 1ರಿಂದ. ನಡುವೆ ಮನೆಗೆ ಹೋದವರ ಗ್ರಾಚ್ಯುಟಿ, ಅಂದರೆ ಡಿಸಿಆರ್‌ಜಿ ಲೆಕ್ಕ ಹಳೆ ಸಂಬಳದ ಮೇಲೆ. 'ಆ ಮೇಷ್ಟ್ರು ಮೂರು ತಿಂಗಳು ಈಚೆಗೆ ಬರೆದಿದ್ರೆ ಅವರ ಗಂಟೇನು ಹೋಗ್ತಿತ್ತು' ಎಂದು ಒಬ್ಬರು ನನ್ನ ಮುಂದೆ ಹಲುಬಿದರು. ಏನು ಹೇಳಲಿ? ಆ ಮೇಷ್ಟ್ರೂ ಒಂದು ಕಾಲಕ್ಕೆ ನಮ್ಮ ಸದಸ್ಯರೇ.

ತೊಡಕಿರುವುದೇ ಇಲ್ಲಿ. ಕಾರ್ಖಾನೆ ಸಂಘಕ್ಕಾದರೆ ಆ ಕಡೆ ಮಾಲೀಕ, ಈ ಕಡೆ ಕಾರ್ಮಿಕ. ನಮ್ಮಲ್ಲಿ ಕಡತಕ್ಕೆ ಅಲೆಯುವವನೂ ಚಂದಾದಾರ, ಕಡತ ಹಿಡಿದವನೂ ಚಂದಾದಾರ. ಇಬ್ಬರ ಸಂಬಳದಲ್ಲೂ ಸಂಘದ ವಂತಿಗೆ ಒಂದೇ ಸಮ ಕಡಿತವಾಗುತ್ತದೆ. ಧಿಕ್ಕಾರ ಕೂಗಬೇಕೆಂದರೆ ಯಾವ ದಿಕ್ಕಿಗೆ ತಿರುಗಬೇಕು?

ಗುಬ್ಬಿ ಕಡೆಯ ಮೇಷ್ಟ್ರೊಬ್ಬರ ವೈದ್ಯಕೀಯ ವೆಚ್ಚದ ಬಿಲ್ಲು ಕುಣಿಗಲ್ ಕಡೆಯ ಗುಮಾಸ್ತರೊಬ್ಬರ ಮೇಜಿನಲ್ಲಿ ಬಹಳ ಕಾಲ ವಿಶ್ರಾಂತಿ ಪಡೆಯುತ್ತಿತ್ತು. ಇಬ್ಬರನ್ನೂ ಕ್ಯಾತ್ಸಂದ್ರದ ಹೋಟೆಲಿಗೆ ಕರೆಸಿ, ಎದುರುಬದುರು ಕೂರಿಸಿ, ತಟ್ಟೆ ಇಡ್ಲಿ ಹೇಳಿದೆ. ಖರ್ಚು ಸಂಘದ್ದು.

'ಆಕ್ಷೇಪಣೆ ಹಾಕಿ ಕಳಿಸಿದ್ದೀನಿ ಮೇಷ್ಟ್ರೇ, ಒಂದು ಸಹಿ ಇಲ್ಲ' ಅಂದರು ಗುಮಾಸ್ತರು.

'ಸಹಿ ಮಾಡೋರು ಚುನಾವಣಾ ಡ್ಯೂಟಿಗೆ ಹೋಗವ್ರೆ. ನಿಮ್ಮ ಕಚೇರಿಯೇ ಹಾಕಿದ್ದು' ಅಂದರು ಮೇಷ್ಟ್ರು.

ಗುಮಾಸ್ತರು ಚಟ್ನಿ ಕಲಸುತ್ತಾ ತಮ್ಮ ಕಷ್ಟವನ್ನೂ ಬಿಚ್ಚಿದರು: ಅವರ ವಾರ್ಷಿಕ ಬಡ್ತಿಯೇ ಬಿದ್ದಿದೆ, ಸೇವಾ ಪುಸ್ತಕ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಮೇಷ್ಟ್ರ ಮುಖ ಮೆತ್ತಗಾಯಿತು. ಎರಡನೆಯ ಸುತ್ತು ಇಡ್ಲಿ ಬರುವಷ್ಟರಲ್ಲಿ ಇಬ್ಬರೂ ಒಂದಾಗಿದ್ದರು. ಸಂಧಾನ ಗೆದ್ದ ಖುಷಿಯಲ್ಲಿ ನಾನು ಬಿಲ್ಲು ಕೊಟ್ಟು ಬಂದು ನೋಡಿದರೆ, ಮೇಷ್ಟ್ರು ಜೇಬಿನ ಹಾಳೆ ಬಿಡಿಸಿ ಏನೋ ಬರೆಯುತ್ತಿದ್ದಾರೆ, ಗುಮಾಸ್ತರು ಪಕ್ಕದಲ್ಲಿ ಕೂತು 'ವಿಷಯ', 'ಉಲ್ಲೇಖ' ಹೇಳಿಕೊಡುತ್ತಿದ್ದಾರೆ. ಸದಸ್ಯರ ಸಮಸ್ಯೆಗೆ ಸಂಘ ಸ್ಪಂದಿಸುತ್ತಿಲ್ಲವೆಂದು ಕಾರ್ಯದರ್ಶಿಗೆ ಮನವಿ. ಎದ್ದು ನಿಂತು ನನ್ನ ಕೈಗೆ ಕೊಟ್ಟು, ಕೊಡುತ್ತಿರುವಾಗಲೇ ಹೋಟೆಲ್ ಹುಡುಗನಿಂದ ಫೋಟೋ ಹೊಡೆಸಿಕೊಂಡರು.

'ಬೇಗ ಒಂದು ಹಿಂಬರಹ ಕೊಟ್ಬಿಡಿ ಸಾರ್' ಅಂದರು ಗುಮಾಸ್ತರು, 'ಫೈಲಿಗೆ ಬೇಕಾಗುತ್ತೆ.'