ಬಾಣಬಿರುಸಿನ ಪಕ್ಕವಾದ್ಯ

ದೇಶಭಕ್ತಿಯ ನೆಲೆ ಹೃದಯವೆಂದು ಬಲ್ಲವರು ಹೇಳುವರಾದರೂ, ಅದು ಒಳಹೊಗುವ ಹೆಬ್ಬಾಗಿಲು ಮಾತ್ರ ಕಿವಿಯೇ ಎಂಬುದು, ಜುಲೈ 4ರ ಇರುಳು ಬಾಸ್ಟನ್ ನಗರದ ಚಾರ್ಲ್ಸ್ ನದಿಯ ದಡದಲ್ಲಿ, ಅಪಾರ ಜನಸ್ತೋಮದ ನಡುವೆ ಚಾಪೆ ಹಾಸಿ ಕುಳಿತಾಗ ನನಗೆ ಮನದಟ್ಟಾಯಿತು. ಅಮೆರಿಕೆಯ ಸ್ವಾತಂತ್ರ್ಯೋತ್ಸವದ ಬಾಣಬಿರುಸಿಗೆ ನಾಂದಿಯಾಗಿ ಅಲ್ಲಿ ನುಡಿಸುವುದು ಚೈಕೋವ್‌ಸ್ಕಿಯ ‘1812’ ಎಂಬ ಕೃತಿಯನ್ನು. ಅದು ಆ ವರ್ಷ ಅಮೆರಿಕೆಯು ಇಂಗ್ಲಿಷರ ಮೇಲೆ ಹೂಡಿದ ಯುದ್ಧದ ವರ್ಣನೆಯೆಂದು ಪಕ್ಕದ ಹಿರಿಯರೊಬ್ಬರು ಮೊಮ್ಮಗನಿಗೆ ಸಾವಧಾನವಾಗಿ ಬೋಧಿಸುತ್ತಿದ್ದರು. ನಾನು ಅತಿಥಿಧರ್ಮವನ್ನು ಮೀರದೆ ಸುಮ್ಮನಿದ್ದೆ. ವಸ್ತುತಃ ಅದು ನೆಪೋಲಿಯನ್ನನನ್ನು ರಷ್ಯವು ಹಿಮ್ಮೆಟ್ಟಿಸಿದ ಕಥೆ. ಅದರ ಕೊನೆಯಲ್ಲಿ ಮೊಳಗುವುದು ಜಾರ್ ಚಕ್ರವರ್ತಿಯನ್ನು ದೇವರು ಕಾಯಲೆಂಬ ಪ್ರಾರ್ಥನೆಯ ಧಾಟಿ. ಒಬ್ಬ ದೊರೆಯ ಹಂಗನ್ನು ಹರಿದೊಗೆದ ದಿನವನ್ನು ಮತ್ತೊಬ್ಬ ದೊರೆಯ ಸ್ತುತಿಯಿಂದ ಸಂಭ್ರಮಿಸುವ ಈ ಔದಾರ್ಯಕ್ಕೆ ಎಷ್ಟು ತಲೆದೂಗಿದರೂ ಸಾಲದು.

ಈ ಸಂಪ್ರದಾಯ ಬಹು ಪುರಾತನವೂ ಅಲ್ಲ. ಆರ್ಥರ್ ಫೀಡ್ಲರ್ ಎಂಬ ವಾದ್ಯವೃಂದದ ನಾಯಕರು 1974ರಲ್ಲಿ ನಿಜವಾದ ಫಿರಂಗಿ ಮತ್ತು ಗಂಟೆಗಳನ್ನು ಕೂಡಿಸಿ ಇದನ್ನು ನುಡಿಸಿದರು, ಜನ ಮರುಳಾದರು. ಕೃತಿಕಾರನಾದರೋ 1880ರಲ್ಲಿ ತನ್ನ ಪೋಷಕಳಿಗೆ ಬರೆದ ಕಾಗದದಲ್ಲಿ, ಇದು ಬರಿಯ ಗದ್ದಲ, ಪ್ರೀತಿಯಿಂದ ಬರೆದುದಲ್ಲ ಎಂದು ಮೊದಲೇ ತಿಳಿಸಿದ್ದನು. ಫಿರಂಗಿಗಳು ಗರ್ಜಿಸಿದಾಗ ಪಿಟೀಲುಗಾರರ ಕಮಾನುಗಳು ಒಂದೇ ಲಯದಲ್ಲಿ ಏರಿಳಿಯುತ್ತಿದ್ದುದು ನನಗೆ ಕಾಣಿಸುತ್ತಿತ್ತು, ಕೇಳಿಸುತ್ತಿರಲಿಲ್ಲ.

ಈ ರಹಸ್ಯವನ್ನು ಇಂಗ್ಲೆಂಡಿನ ಎರಡನೆಯ ಜಾರ್ಜ್ ದೊರೆಯು ಬಹು ಹಿಂದೆಯೇ ಬಲ್ಲವನಾಗಿದ್ದನು. 1749ರ ಏಪ್ರಿಲ್ 27ರಂದು, ಯುದ್ಧ ಮುಗಿದ ಸಂತೋಷಕ್ಕಾಗಿ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಏರ್ಪಟ್ಟ ಬಾಣಬಿರುಸಿಗೆ ಸಂಗೀತ ರಚಿಸಲು ಹ್ಯಾಂಡೆಲ್ ಹೊರಟಾಗ, ರಣವಾದ್ಯಗಳಿರಲಿ, ಪಿಟೀಲು ಬೇಡವೆಂಬುದೇ ಆ ದೊರೆಯ ಅಪೇಕ್ಷೆಯಾಗಿತ್ತು. ಅಂದು ಮಳೆಯಿಂದ ಮದ್ದು ನೆನೆಯಿತು, ಅಲಂಕಾರಮಂಟಪದ ಒಂದು ಪಾರ್ಶ್ವ ಹೊತ್ತಿ ಉರಿಯಿತು. ಹ್ಯಾಂಡೆಲನ ಸಂಗೀತವೊಂದೇ ಇಂದಿಗೂ ಉಳಿದಿದೆ.

ಇಂತಹ ಕಚೇರಿಯಲ್ಲಿ ಮದ್ದೇ ಮುಖ್ಯ ವಿದ್ವಾಂಸ. ಸಂಗೀತವು, ತನಿ ಆವರ್ತನಕ್ಕೂ ಸರದಿ ದೊರೆಯದ ಪಕ್ಕವಾದ್ಯ. ಆದುದರಿಂದ ಯಾವ ದೇಶದ ಉತ್ಸವ ಸಮಿತಿಯವರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ: ಸಂಗೀತವನ್ನು ಮೊದಲು ಸಮಾಧಾನದಿಂದ ಮಂಗಳ ಹಾಡಿ ಮುಗಿಸಿ, ಬತ್ತಿಗೆ ಕಿಡಿಯನ್ನು ಆಮೇಲೆ ತಾಗಿಸಿ. ಎರಡನ್ನೂ ಒಮ್ಮೆಗೇ ಕೇಳಿಸಹೊರಟರೆ ಸೋಲುವುದು ಎಂದೆಂದಿಗೂ ಪಿಟೀಲೇ.