ತ್ಸುಕಿಕೊ ಅವರಿಗೊಂದು ಬಹಿರಂಗ ಪತ್ರ

ಪ್ರಿಯ ತ್ಸುಕಿಕೊ ಅವರೇ,

ನಿಮ್ಮ ಕಥೆ ಹೇಳುವ ಹಿರೋಮಿ ಕವಾಕಮಿ ಅವರ ‘ಸೆನ್ಸೈ ನೊ ಕಬಾನ್’ ಕಾದಂಬರಿ ಪುಸ್ತಕವಾಗಿ ಬಂದದ್ದು 2001ರಲ್ಲಿ. ಅದೇ ವರ್ಷ ಅದಕ್ಕೆ ತನಿಝಾಕಿ ಪ್ರಶಸ್ತಿಯೂ ಸಂದಿತು. ಒಂಟಿತನಕ್ಕೆ ಪ್ರೀತಿ ಮದ್ದಾದ ಕಥೆ ಎಂದು ಅದನ್ನು ಮೆಚ್ಚುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ, ಅದಕ್ಕೇ ಈ ಪತ್ರ.

ಟೋಕಿಯೊದಲ್ಲಿ ರೈಲು ನಿಲ್ದಾಣದ ಬಳಿಯ ಪುಟ್ಟ ಪಾನಗೃಹ. ನೀವು ಹೇಳಿದ ತಿನಿಸುಗಳನ್ನೇ ಪಕ್ಕದ ವೃದ್ಧರೂ ಹೇಳಿದರು. ನೋಡಿದರೆ, ಶಾಲೆಯಲ್ಲಿ ನಿಮಗೆ ಜಪಾನಿ ಕಲಿಸಿದ ಮೇಷ್ಟ್ರು. ನಿಮಗಿಂತ 30 ವರ್ಷಕ್ಕೂ ಹೆಚ್ಚು ಹಿರಿಯರು. ಆಮೇಲೂ ನೀವಿಬ್ಬರು ಇಂಥ ದಿನ ಸಿಗೋಣ ಎಂದುಕೊಳ್ಳಲಿಲ್ಲ. ಸಿಕ್ಕರೆ ಪಕ್ಕದಲ್ಲಿ ಕೂರುವುದು, ತಮ್ಮ ಬಟ್ಟಲಿಗೆ ತಾವೇ ಬಗ್ಗಿಸಿಕೊಳ್ಳುವುದು, ದುಡ್ಡು ಬೇರೆ ಬೇರೆ ಕೊಡುವುದು. ಜೊತೆಗಾರರ ಬಟ್ಟಲು ತುಂಬುವುದೇ ಮರ್ಯಾದೆ ಎನ್ನುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಇನ್ನೊಬ್ಬರ ಒಂಟಿತನಕ್ಕೆ ಕೈಹಾಕದೆ ಪಕ್ಕದಲ್ಲಿರುವ ಈ ಬಗೆಯೇ ಕಾದಂಬರಿಯ ಜೀವ.

ನಿಮ್ಮ ಮೇಷ್ಟ್ರು ಮುಗಿದುಹೋದ ಬ್ಯಾಟರಿಗಳನ್ನೂ ಎಸೆಯುವುದಿಲ್ಲ. ತನಗಾಗಿ ದುಡಿದವಲ್ಲವೇ ಎಂದು ಎತ್ತಿಟ್ಟುಕೊಂಡು, ಮೀಟರ್ ಹಚ್ಚಿ, ಇನ್ನೂ ಜೀವವಿದೆಯೇ ಎಂದು ನೋಡುತ್ತಾರೆ. ತನ್ನನ್ನು ಬಿಟ್ಟುಹೋದ ಹೆಂಡತಿಯ ಸಮಾಧಿಯಿರುವ ದ್ವೀಪಕ್ಕೇ ನಿಮ್ಮನ್ನು ಕರೆದೊಯ್ಯುತ್ತಾರೆ. ಏನನ್ನೂ ಎಸೆಯಲಾರದ ಮನುಷ್ಯನನ್ನು ಪ್ರೀತಿಸುವವರು ಅವರ ಹಳೆಯ ನೋವಿಗೂ ಜಾಗ ಬಿಡಬೇಕು. ನೀವು ಬಿಟ್ಟಿರಿ, ಅಸೂಯೆಪಡುತ್ತಲೇ, ಸಿಟ್ಟಾಗುತ್ತಲೇ. ಜೈಂಟ್ಸ್ ಬೇಸ್‌ಬಾಲ್ ತಂಡದ ನೆಪದಲ್ಲಿ ಇಬ್ಬರೂ ಮಾತು ಬಿಟ್ಟ ಅಧ್ಯಾಯದಷ್ಟು ಪ್ರೇಮ ಈ ಪುಸ್ತಕದಲ್ಲಿ ನನಗೆ ಬೇರೆಲ್ಲೂ ಕಾಣಲಿಲ್ಲ: ಒಂದೇ ಅಂಗಡಿಯಲ್ಲಿ ಅಪರಿಚಿತರಂತೆ ಕೂತಿದ್ದೀರಿ, ಮನಸ್ಸು ಮಾತ್ರ ಪಕ್ಕದವರನ್ನು ಬಿಟ್ಟು ಕದಲುವುದಿಲ್ಲ.

ಒಂಟಿತನದ ಮಾತಿಗೆ ಮರಳಿದರೆ, 2020ರ ಜನಗಣತಿಯಂತೆ ನಿಮ್ಮ ದೇಶದ ಕುಟುಂಬಗಳಲ್ಲಿ ಶೇ. 38ರಷ್ಟು ಒಬ್ಬರೇ ಇರುವಂಥವು. 2021ರಲ್ಲಿ ಸರ್ಕಾರ ಒಂಟಿತನದ ಹೊಣೆಯನ್ನು ಸಚಿವರೊಬ್ಬರಿಗೆ ವಹಿಸಿತು. 2024ರ ಏಪ್ರಿಲ್‌ನಿಂದ ಅದಕ್ಕೊಂದು ಕಾನೂನೂ ಜಾರಿಯಲ್ಲಿದೆ. ಅವು ಬೇಕು. ಸತ್ತದ್ದೂ ಯಾರಿಗೂ ತಿಳಿಯದಂತೆ ಕೋಣೆಯಲ್ಲೇ ಉಳಿದುಬಿಡುವ ಮುದುಕರ ಗತಿ ನೆನೆದರೆ ಸಂಕಟವಾಗುತ್ತದೆ. ಆದರೆ ಒಬ್ಬರೇ ಬಾಳುವವರನ್ನೆಲ್ಲ ರೋಗಿಗಳ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ಮೇಷ್ಟ್ರು ತೀರಿಕೊಂಡ ಮೇಲೆ ನೀವು ಮತ್ತೆ ಒಬ್ಬರೇ. ಪ್ರೀತಿ ನಿಮ್ಮನ್ನು ವಾಸಿಮಾಡಲಿಲ್ಲ. ವಾಸಿಯಾಗಬೇಕಾದ ಕಾಯಿಲೆ ನಿಮಗಿರಲೂ ಇಲ್ಲ.

ಈ ಪತ್ರ ಓದುತ್ತಿರುವ ಇತರರಲ್ಲಿ ನನ್ನದೊಂದು ಕೋರಿಕೆ. ವಯಸ್ಸಿನ ಅಂತರ ಕೇಳಿ ಮುಖ ಸಿಂಡರಿಸಬೇಡಿ, ಕಾದಂಬರಿಯನ್ನು ನಿಧಾನವಾಗಿ ಓದಿ. ಒಬ್ಬರೇ ಇರುವ ಅಕ್ಕನ ಮುಂದೆ ಮತ್ತೊಮ್ಮೆ ಮದುವೆಯ ಮಾತೆತ್ತುವ ಮುಂಚೆಯಾದರೂ ಓದಿ.

ನಿಮ್ಮ ಓದುಗ