ಆರು ಗಂಟೆಯ ಕೋಟು

ಕಿಲ್ಟು ಉಟ್ಟ ಗಂಡಸನ್ನು ಕಂಡರೆ ಲೋಕಕ್ಕೆಲ್ಲ ಒಂದೇ ಕುತೂಹಲ: ಒಳಗೇನು ಹಾಕಿರುತ್ತಾನೆ? ಸ್ಕಾಟ್ಲೆಂಡಿನವರು ಇದಕ್ಕೆ ಬಗೆಬಗೆಯ ಪೋಲಿ ಉತ್ತರಗಳನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿರುತ್ತಾರೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಾದ್ದರಿಂದ ಅವನ್ನಿಲ್ಲಿ ಬರೆಯಲಾರೆ. ಆದರೆ ಮೇಲೇನು ಹಾಕಬೇಕು ಅಂತ ಒಮ್ಮೆ ಕೇಳಿ ನೋಡಿ. ನಗು ಅಲ್ಲಿಗೇ ನಿಲ್ಲುತ್ತದೆ. ಕುರ್ಚಿ ಎಳೆದುಕೊಂಡು ಎದುರಿಗೆ ಕೂರುತ್ತಾರೆ. ಗಂಟಲು ಸರಿಮಾಡಿಕೊಳ್ಳುತ್ತಾರೆ. ‘ಎಷ್ಟು ಗಂಟೆಗೆ?’ ಎಂದು ಮೊದಲ ಪ್ರಶ್ನೆ ಹಾಕುತ್ತಾರೆ.

ಈ ಜ್ಞಾನವೆಲ್ಲ ನನಗೆ ಬಂದದ್ದು ಹೆಣ್ಣಿನ ತಂದೆಯಾದ ಪುಣ್ಯದಿಂದ. ಎಡಿನ್‌ಬರೋಗೆ ಓದಲು ಹೋದ ಮಗಳು ಅಲ್ಲೇ ಕೆಲಸ ಹಿಡಿದು, ಪರ್ತ್ ಕಡೆಯ ಹುಡುಗನೊಬ್ಬನನ್ನು ಮೆಚ್ಚಿಕೊಂಡಳು. ನಮ್ಮ ಕಡೆ ಬೀಗರೆಂದರೆ ಬೆಳ್ಳಿ ಲೋಟ, ಎಲೆಗೆ ಎರಡು ಥರ ಸ್ವೀಟು, ಬೆಳಿಗ್ಗೆ ಐದಕ್ಕೆ ಬಿಸಿನೀರು, ಐದೂಕಾಲಿಗೆ ಕಾಫಿ ಕೇಳುವ ಪೈಕಿ. ಈ ಬೀಗರು ಪಾಪ, ಏನೂ ಕೇಳಲಿಲ್ಲ. ಕೇಳಿದ್ದು ನನ್ನ ಮೊಣಕಾಲುಗಳನ್ನು ಮಾತ್ರ. ‘ಮದುವೆಯ ದಿನ ನಮ್ಮ ಜೊತೆ ನೀವೂ ಕಿಲ್ಟು ಉಟ್ಟರೆ ನಮಗೆ ಬಹಳ ಸಂತೋಷ’ ಎಂದರು. ನನ್ನಾಕೆ ನನಗಿಂತ ಮೊದಲೇ ‘ಅದಕ್ಕೇನಂತೆ, ಉಡ್ತಾರೆ’ ಎಂದುಬಿಟ್ಟಳು.

ಕಿಲ್ಟಿಗೆ ನಾನು ಹೆದರಲಿಲ್ಲ. ಮೈಸೂರಿನ ಚಾಮರಾಜಪುರಂನಲ್ಲಿ ಬೆಳೆದವನಿಗೆ ಸೊಂಟಕ್ಕೆ ಬಟ್ಟೆ ಸುತ್ತಿಕೊಳ್ಳುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆ ನೋಡಿದರೆ ಕಿಲ್ಟು ಪಂಚೆಗಿಂತ ನಂಬಿಗಸ್ತ. ಎಂಟು ಗಜದಷ್ಟು ದಪ್ಪ ಉಣ್ಣೆ, ಹಿಂದೆಲ್ಲ ನೆರಿಗೆ, ಮುಂದೆ ಒಂದರ ಮೇಲೊಂದು ಎರಡು ಮಡಿಕೆ, ಪಕ್ಕದಲ್ಲಿ ಚರ್ಮದ ಪಟ್ಟಿ ಮತ್ತು ಬಕಲು. ನಡುಮಂಟಪದಲ್ಲಿ ಉದುರಿಹೋಗುವ ಭಯ ಎಳ್ಳಷ್ಟೂ ಇಲ್ಲ. ಪ್ಯಾಂಟಿನ ಜಾಗದಲ್ಲಿ ಉಡದೆ ಹೊಕ್ಕುಳ ಮಟ್ಟಕ್ಕೆ ಎತ್ತಿ ಉಡಬೇಕು, ಅಂಚು ಮೊಣಚಿಪ್ಪಿನ ನಡುವಿಗೆ ಬರಬೇಕು. ಅದಕ್ಕೆ ಜೇಬಿಲ್ಲವಾದ್ದರಿಂದ ನಮ್ಮ ಅಜ್ಜಿಯ ಎಲೆಯಡಿಕೆ ಸಂಚಿಯಂಥ ಒಂದು ಸ್ಪೊರನ್ನು ಸರಪಳಿಯಲ್ಲಿ ಮುಂದುಗಡೆ ತೂಗುತ್ತಿರುತ್ತದೆ. ಹಗಲಿಗೆ ಚರ್ಮದ್ದು, ರಾತ್ರಿಗೆ ತುಪ್ಪಳದ್ದು. ಅಲ್ಲೂ ಗಂಟೆ ನೋಡಬೇಕು!

ತೊಡಕು ಶುರುವಾದದ್ದು ಹೊಕ್ಕುಳಿಂದ ಮೇಲಕ್ಕೆ. ರಿಟೈರಾದಾಗ ಹೊಲಿಸಿದ ಸೂಟಿನ ಕೋಟು ನನ್ನ ಪೆಟ್ಟಿಗೆಯಲ್ಲೇ ಇತ್ತು. ಅದನ್ನೇ ಏರಿಸಿಕೊಂಡರಾಯಿತಲ್ಲ ಎಂದೆ. ಮಗಳು ತನ್ನವನ ಕಿಲ್ಟೊಂದನ್ನು ನನಗೆ ಸುತ್ತಿ, ಕೋಟು ತೊಡಿಸಿ, ಫೋಟೋ ತೆಗೆದು ತೋರಿಸಿದಳು. ಕೋಟು ತೊಡೆಯವರೆಗೆ ಇಳಿದು ಅರ್ಧ ಕಿಲ್ಟನ್ನು ನುಂಗಿತ್ತು. ಸ್ಪೊರನ್ನು ಒಳಗೆ ಸಿಕ್ಕಿಕೊಂಡು, ಹೇಳಲು ಸಂಕೋಚವಾಗುವ ಜಾಗದಲ್ಲಿ ಉಬ್ಬಿತ್ತು. ಬೆಂಕಿ ಬಿದ್ದ ಮನೆಯಿಂದ ಪ್ಯಾಂಟು ಮರೆತು ಓಡಿಬಂದ ಹೆಡ್‌ಕ್ಲರ್ಕು! ನನ್ನಾಕೆ ಆ ಫೋಟೋವನ್ನು ಮೈಸೂರಿನ ಅಷ್ಟೂ ನಾದಿನಿಯರಿಗೆ ಕಳಿಸಿದಳೆಂದು ಆಮೇಲೆ ತಿಳಿಯಿತು.

ಕಿಲ್ಟಿನ ಕೋಟು ಗಿಡ್ಡವಾಗಿರಬೇಕು. ಸೊಂಟದಿಂದ ತುಸು ಕೆಳಗೆ ಬಂದು ನಿಲ್ಲಬೇಕು, ಮುಂದುಗಡೆ ವಾರೆಯಾಗಿ ಕತ್ತರಿಸಿ ಸ್ಪೊರನ್ನಿಗೆ ದಾರಿ ಬಿಟ್ಟಿರಬೇಕು. ಒಟ್ಟಿನಲ್ಲಿ ಆ ಸಂಚಿಯೇ ಯಜಮಾನ, ಕೋಟು ಅದರ ಎದುರು ಬದಿಗೆ ಸರಿದು ನಿಂತ ಆಳು. ಹೊಟ್ಟೆ ಇರುವವರು ಕೋಟಿನಿಂದ ಬಯಸುವ ಏಕೈಕ ಉಪಕಾರವೆಂದರೆ ಮರೆ. ಈ ಕೋಟು ಆ ಒಂದನ್ನು ಬಿಟ್ಟು ಬೇರೆಲ್ಲ ಮಾಡುತ್ತದೆ.

ಎಡಿನ್‌ಬರೋದ ರಾಯಲ್ ಮೈಲ್ ಬೀದಿಯಲ್ಲಿ ಕಿಲ್ಟಿನ ಅಂಗಡಿಗಳಿಗೆ ಬರವಿಲ್ಲ. ಹೊಲಿಸಿಕೊಳ್ಳುವವರಿಗೆ ಹೊಲಿದು ಕೊಡುತ್ತಾರೆ. ನನ್ನಂಥ ಒಂದು ದಿನದ ಸುಲ್ತಾನರಿಗೆ ಬಾಡಿಗೆಗೆ ಕೊಡುತ್ತಾರೆ. ನಾವು ಹೊಕ್ಕ ಅಂಗಡಿಯಲ್ಲಿ ಕುತ್ತಿಗೆಗೆ ಟೇಪು ನೇತುಹಾಕಿಕೊಂಡ ಹಿರಿಯರೊಬ್ಬರು ಮೊದಲು ನನ್ನನ್ನು ಮಂಡಿಯೂರಿಸಿದರು. ಕಿಲ್ಟಿನ ಉದ್ದ ನೋಡುವ ಕ್ರಮವೇ ಅದು. ಊರಿದ್ದು ಸುಲಭವಾಯಿತು. ಏಳುವುದಕ್ಕೆ ಹೆಂಡತಿ, ಮಗಳು ಇಬ್ಬರೂ ಬೇಕಾದರು.

ಆಮೇಲೆ ಆತ ತಂದದ್ದು ‘ಪ್ರಿನ್ಸ್ ಚಾರ್ಲಿ’. ಕಪ್ಪು ಉಣ್ಣೆ, ರೇಷ್ಮೆ ಮೆತ್ತಿದ ಕೊರಳಪಟ್ಟಿ, ಬೆನ್ನ ಕೆಳಗೆ ಎರಡು ಪುಟ್ಟ ಬಾಲ, ತೋಳಿಗೂ ಎದೆಗೂ ಬೆಳ್ಳಿಬಣ್ಣದ ಗುಂಡಿಗಳು. ಒಳಗೆ ಮೂರು ಗುಂಡಿಯ ವೇಸ್ಟ್‌ಕೋಟು, ಕೊರಳಿಗೆ ಬೋ. ತೊಟ್ಟೆ. ಗುಂಡಿ ಹಾಕಲು ಹೋದೆ. ಎರಡು ಅಂಚಿನ ನಡುವೆ ಅಂಗೈ ಅಗಲದ ಬಯಲು. ಉಸಿರು ಎಳೆದೆ, ಹೊಟ್ಟೆಯನ್ನು ಬೆನ್ನಿಗಂಟಿಸಿದೆ, ಬಲಗಡೆಯದನ್ನು ಜಗ್ಗಿದರೆ ಎಡಗಡೆಯದು ಕಂಕುಳು ಸೇರುತ್ತಿತ್ತು. ಹಿರಿಯರು ಕೈಕಟ್ಟಿ ನೋಡುತ್ತಲೇ ಇದ್ದರು. ನನ್ನ ಮುಖ ಕೆಂಪಾದ ಮೇಲೆ, ‘ಇದನ್ನು ಯಾರೂ ಮುಚ್ಚುವುದಿಲ್ಲ ಸಾರ್. ಮುಚ್ಚಿಕೊಳ್ಳದ ಹಾಗೇ ಕತ್ತರಿಸಿರುವುದು’ ಎಂದರು. ಎದೆಯ ಮೇಲಿನ ಗುಂಡಿಗಳೆಲ್ಲ ಬರೀ ಅಲಂಕಾರವಂತೆ. ಆ ಕ್ಷಣ ಸ್ಕಾಟ್ಲೆಂಡಿನ ದರ್ಜಿ ಕುಲಕ್ಕೇ ಮನಸ್ಸಿನಲ್ಲಿ ಸಾಷ್ಟಾಂಗ ಹಾಕಿದೆ. ಆದರೆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ವೇಸ್ಟ್‌ಕೋಟನ್ನು ಮುಚ್ಚಲೇಬೇಕಂತೆ.

ಹೆಸರಿನ ರಾಜಕುಮಾರ ಈ ಕೋಟನ್ನು ಕಂಡವನೇ ಅಲ್ಲ. ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ 1745ರಲ್ಲಿ ಅಜ್ಜನ ಸಿಂಹಾಸನಕ್ಕಾಗಿ ದಂಡೆತ್ತಿ ಬಂದ. 1746ರ ಏಪ್ರಿಲ್‌ನಲ್ಲಿ ಕಲೋಡನ್ ಬಯಲಲ್ಲಿ ಸೋತ, ತಪ್ಪಿಸಿಕೊಂಡ, 1788ರಲ್ಲಿ ರೋಮ್‌ನಲ್ಲಿ ತೀರಿಕೊಂಡ. ಕೋಟು ಹುಟ್ಟಿದ್ದು ಅವನು ಹೋಗಿ ನೂರು ವರ್ಷ ಕಳೆದ ಮೇಲೆ. ಅವನ ದೆಸೆಯಿಂದ ಬೆಟ್ಟನಾಡಿನವರಿಗೆ ಸಿಕ್ಕಿದ್ದು ಕೋಟಲ್ಲ, ನಿಷೇಧ. ಕಲೋಡನ್ ಆದ ವರ್ಷವೇ ಬ್ರಿಟಿಷ್ ಸರ್ಕಾರ ಕಾನೂನು ಮಾಡಿ ಗಂಡಸರು ಕಿಲ್ಟು ಉಡುವುದನ್ನೇ ಅಪರಾಧ ಮಾಡಿತು. ಸೈನ್ಯಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ. ಅದು ರದ್ದಾದದ್ದು 1782ರಲ್ಲಿ.

ಮುಂದೆ 1822ರ ಆಗಸ್ಟಿನಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ. ಕಾದಂಬರಿಕಾರ ವಾಲ್ಟರ್ ಸ್ಕಾಟನದೇ ಉಸ್ತುವಾರಿ. ಯಾವುದನ್ನು ನಿಷೇಧಿಸಿದ್ದರೋ ಅದನ್ನೇ ದೊರೆಗೆ ಉಡಿಸಿದರು. ಆ ವೇಷಭೂಷಣದ ಬಿಲ್ಲು 1,354 ಪೌಂಡ್ ದಾಟಿತ್ತು. ದೊರೆಯದು ಭಾರಿ ಶರೀರ, ಕಿಲ್ಟು ಮೊಣಕಾಲಿಗಿಂತ ಬಹಳ ಮೇಲೆ ನಿಂತಿತ್ತು, ಕಾಲಿಗೆ ಮೈಬಣ್ಣದ ಬಿಗಿಯುಡುಪು. ಬಂದಿರುವುದೇ ನಾಲ್ಕು ದಿನಕ್ಕೆ, ಎಷ್ಟು ಹೆಚ್ಚು ಕಂಡರೆ ಅಷ್ಟು ಒಳ್ಳೆಯದಲ್ಲವೇ ಎಂಬರ್ಥದ ಮಾತನ್ನು ಅಲ್ಲಿನ ಹೆಂಗಸೊಬ್ಬರು ಆಡಿದರಂತೆ. ಎಂಥ ನಾಲಿಗೆ! ಕೆಲವು ವರ್ಷದ ಮೇಲೆ ಡೇವಿಡ್ ವಿಲ್ಕಿ ದೊರೆಯ ಚಿತ್ರ ಬರೆದಾಗ ಕಿಲ್ಟು ಉದ್ದವಾಗಿ, ಹೊಟ್ಟೆ ಇಳಿದು, ಬಿಗಿಯುಡುಪು ಮಾಯವಾಗಿತ್ತು. ಇಂಥ ಕೈಗುಣದ ಫೋಟೋಗ್ರಾಫರು ನಮಗೂ ಸಿಗಲಿ ಅಂತ ನಾನು ಆಶೆಪಟ್ಟದ್ದುಂಟು.

ಇದೇ ವಿಲ್ಕಿಯೇ ಶ್ರೀರಂಗಪಟ್ಟಣ ಬಿದ್ದ 1799ರ ಮೇ 4ರ ರಾತ್ರಿ ಟಿಪ್ಪುವಿನ ಶವ ಕಂಡ ಜನರಲ್ ಬೇರ್ಡನ ಚಿತ್ರವನ್ನೂ ಬರೆದವನು. ಬೇರ್ಡ್ ಕೂಡ ಸ್ಕಾಟ್ಲೆಂಡಿನವನೇ. ಅದಕ್ಕೆ ಮುಂಚೆ, 1780ರಲ್ಲಿ ಹೈದರನಿಗೆ ಸೆರೆಸಿಕ್ಕು, ನಮ್ಮೂರಿಂದ ಕೂಗಳತೆಯ ಆ ಶ್ರೀರಂಗಪಟ್ಟಣದಲ್ಲೇ ಮೂರು ವರ್ಷಕ್ಕೂ ಮಿಕ್ಕಿ ಸಂಕಲೆಯಲ್ಲಿದ್ದವನು. ಅಲ್ಲಿ ಇಬ್ಬಿಬ್ಬರನ್ನು ಜೋಡಿ ಕಟ್ಟುತ್ತಾರೆಂಬ ಸುದ್ದಿ ಕೇಳಿ ಅವನ ತಾಯಿ, ಮಗನಿಗಾಗಿ ಅಳುವ ಬದಲು, ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡವನ ಗತಿಯೇನಪ್ಪಾ ಎಂದು ಮರುಗಿದಳೆಂದು ಕತೆ. ಬೀಗರು ಇದನ್ನು ಹೇಳಿ ಗಹಗಹಿಸಿದರು. ನನ್ನಾಕೆಗೆ ಕನ್ನಡದಲ್ಲಿ ಹೇಳಿದೆ. ಅವಳು ನನ್ನನ್ನೊಮ್ಮೆ ನೋಡಿ, ‘ಆ ತಾಯಿ ತಿಳಿದವಳು’ ಎಂದಳು.

ಎಲ್ಲಿದ್ದೆವು? ಕೋಟು. ಮದುವೆಯ ಮುಹೂರ್ತ ಮಧ್ಯಾಹ್ನ ಎರಡಕ್ಕೆ. ರಾತ್ರಿ ಊಟ, ಆಮೇಲೆ ಕೇಲಿ ಎಂಬ ಅವರ ಗುಂಪುಕುಣಿತ. ಬೀಗರು ಹಳೆಯ ಸಂಪ್ರದಾಯದವರು. ಪ್ರಿನ್ಸ್ ಚಾರ್ಲಿ ಸಂಜೆಯ ಕೋಟು, ಆರು ಗಂಟೆಗೆ ಮುಂಚೆ ತೊಡುವುದು ಹೋಟೆಲಿನ ಸಪ್ಲೈಯರುಗಳ ಲಕ್ಷಣ ಅಂತ ಅವರ ವಾದ. ಹಗಲಿಗೆ ಟ್ವೀಡೇ ಸೈ. ಅವರ ತಂದೆಯದೊಂದು ಹ್ಯಾರಿಸ್ ಟ್ವೀಡ್ ಕೋಟು ಬೀರುವಿನಲ್ಲಿತ್ತು. ಹೊರಗಿನ ಹೆಬ್ರಿಡೀಸ್ ದ್ವೀಪಗಳಲ್ಲಿ, ದ್ವೀಪದವರ ಮನೆಯಲ್ಲೇ ನೇಯ್ದ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲಬೇಕೆಂದು 1993ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿದೆ. ಹತ್ತಿರದಿಂದ ನೋಡಿದರೆ ಬೂದು ಎಂದುಕೊಂಡ ಬಟ್ಟೆಯಲ್ಲಿ ಪಾಚಿಹಸಿರು, ತುಕ್ಕುಗೆಂಪು, ಒಂದೆರಡು ಎಳೆ ನೀಲಿ. ಗುಂಡಿ ಕೊಂಬಿನದು. ತೂಕ ಕಂಬಳಿಯದು. ಮಳೆಯಲ್ಲಿ ನೆನೆದರೆ ಕುರಿ ಮತ್ತೆ ಜೀವ ತಳೆಯಿತೇನೋ ಅನ್ನುವಂಥ ವಾಸನೆ.

ಅಳಿಯನಿಗೆ ಇದೊಂದೂ ಬೇಡ. ಸ್ನೇಹಿತರಿಗೆಲ್ಲ ಸೇರಿಸಿ ಪ್ರಿನ್ಸ್ ಚಾರ್ಲಿಗಳನ್ನು ಬಾಡಿಗೆಗೆ ಗೊತ್ತುಮಾಡಿ ಆಗಿತ್ತು. ‘ಈಗ ಎಲ್ಲರೂ ಮಧ್ಯಾಹ್ನವೇ ಹಾಕುತ್ತಾರೆ ಡ್ಯಾಡ್’ ಎಂದ. ಮಾತು ಬೆಳೆಯಿತು. ಮಾಂಟ್ರೋಸ್ ಡಬ್ಲೆಟ್, ಶೆರಿಫ್‌ಮ್ಯೂರ್ ಡಬ್ಲೆಟ್ ಎಂಬ, ಕತ್ತಿಗೆ ಲೇಸಿನ ಜಾಲರಿ ಇಳಿಬಿಡುವ ಇನ್ನೂ ಘನವಾದ ಅಂಗಿಗಳ ಹೆಸರೂ ಬಂದುಹೋದವು. ನಾನು ಸೋಫಾದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದೆ. ಮದುವೆಯಲ್ಲಿ ಗಂಡಿನ ಕಡೆಯವರು ತಮ್ಮತಮ್ಮಲ್ಲೇ ಮುನಿಸಿಕೊಂಡು, ಹೆಣ್ಣಿನ ತಂದೆ ಕಾಲಮೇಲೆ ಕಾಲು ಹಾಕಿ ನೋಡುವ ಭಾಗ್ಯ ನಮ್ಮ ವಂಶದಲ್ಲಿ ಯಾರಿಗೂ ಒದಗಿರಲಿಲ್ಲ.

ಅಷ್ಟರಲ್ಲಿ ನನ್ನಾಕೆ ಎದ್ದು, ಮೈಸೂರಿನಿಂದ ತಂದಿದ್ದ ಜರಿಶಲ್ಯ ತಂದಳು. ‘ರೀ, ಕೋಟು ಯಾವುದಾದರೂ ಹಾಕ್ಕೊಳ್ಳಿ. ಹೆಗಲ ಮೇಲೆ ಇದಿರಲೇಬೇಕು. ಕನ್ಯಾದಾನ ಮಾಡುವವರು ಬೋಳು ಹೆಗಲಲ್ಲಿ ನಿಲ್ಲುವುದೇ?’ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೀಗರು ಮಾತ್ರ ಜಗಳ ಬಿಟ್ಟು ಎದ್ದುಬಂದರು. ಶಲ್ಯವನ್ನು ನನ್ನ ಎಡಹೆಗಲಿನ ಮೇಲೆ ಮಡಿಸಿ ಇಳಿಬಿಟ್ಟು, ತಮ್ಮ ದೊಡ್ಡ ಬೆಳ್ಳಿ ಪಿನ್ನು ಚುಚ್ಚಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು. ಅವರಲ್ಲೂ ಫ್ಲೈ ಪ್ಲೇಡ್ ಅಂತ ಒಂದುಂಟು. ಕಿಲ್ಟಿನದೇ ಬಟ್ಟೆಯನ್ನು ಎಡಹೆಗಲಿಗೆ ಪಿನ್ನು ಹಾಕಿ ಹಿಂದಕ್ಕೆ ಇಳಿಬಿಡುವುದು, ಮದುವೆಯಲ್ಲಿ ಬಹಳ ಗೌರವದ್ದು. ನನ್ನಾಕೆ ‘ನಾ ಹೇಳಲಿಲ್ಲವಾ’ ಎಂದು ಇಡೀ ಸ್ಕಾಟ್ಲೆಂಡಿಗೆ ಅನ್ವಯಿಸುವಂತೆ ಒಂದು ನೋಟ ಬೀರಿದಳು.

ಕೊನೆಗೆ ತೀರ್ಮಾನ ಮಾಡಿದ್ದು ಟೇಪಿನ ಹಿರಿಯರು. ಆರ್ಗೈಲ್ ಕೋಟು, ಕಪ್ಪು ಬಣ್ಣದ್ದು, ಬೆಳ್ಳಿ ಗುಂಡಿಯದು. ಪ್ರಿನ್ಸ್ ಚಾರ್ಲಿಗಿಂತ ಒಂದಿಷ್ಟು ಉದ್ದ, ಬಾಲವಿಲ್ಲ, ತೋಳಿನ ತುದಿ ಕೈಗವಸಿನಂತೆ ಮೊನಚಾಗಿ ಮಡಿಸಿದ್ದು. ಹಗಲಿಗೆ ಉದ್ದ ಟೈ ಕಟ್ಟಿದರೆ ಬೀಗರು ಸುಮ್ಮನಾಗುತ್ತಾರೆ, ಸಂಜೆ ಅದನ್ನು ಬಿಚ್ಚಿ ಬೋ ಹಾಕಿದರೆ ಅಳಿಯನ ಸ್ನೇಹಿತರ ಸಾಲಿನಲ್ಲಿ ನಿಲ್ಲಬಹುದು. ಐದು ಗುಂಡಿಯ ವೇಸ್ಟ್‌ಕೋಟು ಹೊಟ್ಟೆಯನ್ನು ಮೂರು ಗುಂಡಿಯದಕ್ಕಿಂತ ಹೆಚ್ಚು ಮರ್ಯಾದೆಯಿಂದ ನಡೆಸಿಕೊಂಡಿತು. ವೇಸ್ಟ್‌ಕೋಟಿದ್ದರೆ ಬೆಲ್ಟು ಹಾಕಬಾರದೆಂಬ ನಿಯಮ ಬೇರೆ ಇದೆ. ಇಷ್ಟೆಲ್ಲ ನಿಯಮಗಳಲ್ಲಿ ನನಗೆ ಒಪ್ಪಿಗೆಯಾದದ್ದು ಇದೊಂದೇ.

ನಮ್ಮ ತಾತ ಅಮಲ್ದಾರ್ ಕಚೇರಿಯಲ್ಲಿ ಗುಮಾಸ್ತರು. ಅವರಿಗಿದ್ದದ್ದು ಒಂದು ಕ್ಲೋಸ್ ಕೋಟು. ಕಚ್ಚೆಪಂಚೆಯ ಮೇಲೆ ಅದನ್ನು ತೊಟ್ಟು ಕಚೇರಿಗೆ ಹೋದರು, ಐದು ಹೆಣ್ಣುಮಕ್ಕಳ ಧಾರೆ ಎರೆದರು, ದಸರಾ ಮೆರವಣಿಗೆ ನೋಡಿದರು. ಶ್ರಾದ್ಧದ ದಿನ ಮಾತ್ರ ಅದು ಗೂಟದಲ್ಲಿರುತ್ತಿತ್ತು. ಗಂಟೆ ಎಷ್ಟಾಯಿತೆಂದು ಆ ಕೋಟು ಯಾವತ್ತೂ ಕೇಳಿದ್ದಿಲ್ಲ.

ಈಗ ಮೈಸೂರಿನ ಆರತಕ್ಷತೆಗೆ ಬೀಗರು ಹೊರಟಿದ್ದಾರೆ. ಕಚ್ಚೆಪಂಚೆ, ಕ್ಲೋಸ್ ಕೋಟು, ಪೇಟ ಮೂರೂ ಬೇಕಂತೆ. ಅಳತೆ ಕಳಿಸಿ, ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದ್ದಾರೆ: ಸಮಾರಂಭ ಆರು ಗಂಟೆಗೆ ಮುಂಚೆಯೋ, ಆಮೇಲೋ? ಕಾರ್ಡಿನಲ್ಲಿ ಸರಿಯಾಗಿ ಆರಕ್ಕೇ ಅಂತ ಅಚ್ಚಾಗಿದೆ. ಗಂಡು ಹೆಣ್ಣು ಸ್ಟೇಜಿಗೆ ಬರುವುದು ಏಳೂಮುಕ್ಕಾಲಿಗೆ, ಅಷ್ಟರಲ್ಲಿ ಅರ್ಧ ಜನ ಊಟ ಮುಗಿಸಿ ಕೈ ತೊಳೆಯುತ್ತಿರುತ್ತಾರೆ ಅಂತ ಅವರಿಗೆ ಹೇಗೆ ಬರೆಯುವುದೋ ತಿಳಿಯುತ್ತಿಲ್ಲ.